ಡಬ್ಬಿಯೊಳಗಿನ ಸದ್ದು

ಅಕ್ವೇರಿಯಂ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಗಂಡನ ಕೈಯಲ್ಲಿ ಟವೆಲ್ ಸುತ್ತಿದ ಡಬ್ಬಿ. ಒಳಗಿನಿಂದ ಆಗಾಗ ಟಕ್ ಎಂಬ ಸದ್ದು ಬರುತ್ತಿತ್ತು.

"ನಿಮ್ಮಮ್ಮ ಎಲ್ಲಿ?" ಗಂಡ ಕೇಳಿದ.

"ಒಳಗೆ ಮೀನು ಆರಿಸ್ತಿದ್ದಾಳೆ. ತನ್ನಿಂದ ಸತ್ತ ಮೀನಿಗೆ ಬದಲು ಕೊಡ್ತಾಳಂತೆ."

"ಬೇಡ ಅನ್ನಬಾರದಾ?"

"ನೀವೇ ಅನ್ನಿ. ನಾವಿಲ್ಲದಾಗ ತೊಟ್ಟಿ ನೋಡಿಕೊಂಡವಳಿಗೆ, ಊಟ ಹೆಚ್ಚು ಹಾಕಿ ಕೊಂದ್ರಿ ಅಂದವರು ನೀವು."

"ಈ ಡಬ್ಬಿಯಲ್ಲಿರೋ ಮ್ಯಾಂಟಿಸ್ ಸೀಗಡಿ ತೊಟ್ಟೀಲಿ ಇರೋದು ಆಗ ಗೊತ್ತಿರಲಿಲ್ಲ ಕಣೇ. ಹವಳದ ಕಲ್ಲಿನ ತೂತಲ್ಲಿ ಅಡಗಿ ಬಂದಿತ್ತು."

"ಕಲ್ಲಲ್ಲಿ ಏನೋ ಟಕ್ ಅಂತಿದೆ ಅಂತ ಅಮ್ಮ ಹೇಳಿದ್ಲು. ಕಿವಿ ತೋರಿಸ್ಕೊಳ್ಳಿ ಅಂದ್ರಿ."

"ಇದು ಹವಳಕ್ಕೆ ಏನೂ ಮಾಡಲ್ಲ. ಮೀನು ಕಂಡ್ರೆ ಮಾತ್ರ ಗುದ್ದಿ ಕೊಲ್ಲುತ್ತೆ."

"ಹವಳದ ವಕಾಲತ್ತು ಸಾಕು."

"ಇದನ್ನ ಅಂಗಡಿಗೆ ಕೊಟ್ಟುಬಿಡ್ತೀನಿ. ನಿಮ್ಮಮ್ಮನಿಗೆ ಹೇಳ್ಬೇಡ, ಮುಖ ಎತ್ತೋಕೆ ಆಗಲ್ಲ."

"ಸರಿ. ಹಾಗಾದ್ರೆ ಅವಳು ಕೊಡೋ ಮೀನನ್ನೂ ನೀವೇ ಕೈಯೊಡ್ಡಿ ಇಸ್ಕೊಳ್ಳಿ."

ಅಷ್ಟರಲ್ಲಿ ಅವನ ಅತ್ತೆ ಬಂದರು. ನೀರು ತುಂಬಿದ ಚೀಲದಲ್ಲಿ ಹಳದಿ ಮೀನೊಂದು ಈಜುತ್ತಿತ್ತು.

"ಅದೇ ಬಣ್ಣದ್ದು ಸಿಕ್ತು, ಅಳಿಯಂದ್ರೇ. ಇನ್ಮೇಲೆ ನಾನು ತೊಟ್ಟಿ ಹತ್ತಿರಾನೂ ಬರಲ್ಲ, ಚಿಂತೆ ಬೇಡ."

ಡಬ್ಬಿ ಮತ್ತೆ ಟಕ್ ಎಂದಿತು. ಅತ್ತೆ ಸುತ್ತ ನೋಡಿ, ಕಿವಿಗೆ ಬೆರಳಿಟ್ಟು ಅಲ್ಲಾಡಿಸಿಕೊಂಡರು.

"ನೋಡಿ, ಇಲ್ಲೂ ಕೇಳಿಸ್ತಿದೆ. ನೀವಂದ ಹಾಗೆ ಡಾಕ್ಟರಿಗೆ ತೋರಿಸಲೇಬೇಕು."

ಅಳಿಯ ತಲೆ ತಗ್ಗಿಸಿಕೊಂಡೇ ಟವೆಲ್ ಬಿಚ್ಚಿದ.

"ನಿಮ್ಮ ಕಿವಿ ಸರಿಯಾಗಿದೆ, ಅತ್ತೆ."

ಕೌಂಟರಿನಿಂದ ಕರೆ ಬಂತು. ಮೂವರೂ ಮುಂದೆ ಹೋದರು. ಮೀನಿನ ಚೀಲ ಅತ್ತೆಯ ಕೈಯಲ್ಲೇ ಇತ್ತು.