ಮೆಲ್ಲಗೆ ಕುಲುಕಿದವರು

ವೇದಿಕೆಯ ಹಿರಿಯರಿಗೆ, ನಮ್ಮ ಜೇನು ಸಾಕಣೆದಾರರ ಸಂಘದ ಬಂಧುಗಳಿಗೆ, ಮುಂದಿನ ಸಾಲಿನಲ್ಲಿ ಕೂತಿರುವ ಭಾವನವರಿಗೆ, ಅವರ ಮಗಳಿಗೆ — ನಮಸ್ಕಾರ. ತೀರಿಹೋದ ಅಕ್ಕನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಅಂತ ನನಗೆ ಹೇಳಿದ್ದಾರೆ. ಒಳ್ಳೆಯ ಮಾತು ಬೇಕಾದಷ್ಟಿವೆ. ಅವನ್ನು ಆಡುವ ಬಾಯಿ ನನ್ನದು — ಕಷ್ಟ ಇರುವುದು ಅಲ್ಲಿ.

ನಾವೆಲ್ಲ ಅವರನ್ನು ಡಬ್ಬಿ ಅಕ್ಕ ಅನ್ನುತ್ತಿದ್ದೆವು. ಎದುರಿಗಲ್ಲ, ಬೆನ್ನ ಹಿಂದೆ. ಜಾಲರಿ ಮುಚ್ಚಳದ ಒಂದು ಡಬ್ಬಿ ಸದಾ ಅವರ ಚೀಲದಲ್ಲಿರುತ್ತಿತ್ತು. ಇಲ್ಲಿ ಹೊರಗಿನವರೂ ಇದ್ದೀರಿ, ನಿಮಗಾಗಿ ಹೇಳುತ್ತೇನೆ. ಜೇನುನೊಣದ ಮೈಗೆ ನುಸಿ ಹತ್ತುತ್ತದೆ. ಹತ್ತಿದರೆ ಇಡೀ ಜೇನುಪೆಟ್ಟಿಗೆ ಸೊರಗಿ ಸಾಯುತ್ತದೆ. ಪತ್ತೆ ಮಾಡಬೇಕಾದರೆ ಅರ್ಧ ಲೋಟ ನೊಣಗಳನ್ನು ಡಬ್ಬಿಗೆ ಹಾಕಿ, ಸಕ್ಕರೆ ಪುಡಿ ಉದುರಿಸಿ — ಹೀಗೆ — ಕುಲುಕಬೇಕು. ನುಸಿ ಜಾರಿ ಬಿಳಿ ತಟ್ಟೆಗೆ ಬೀಳುತ್ತದೆ. ನೊಣ ನಮ್ಮನ್ನು ಬೈದುಕೊಂಡು ಹಾರಿಹೋಗುತ್ತದೆ.

ಇದರಲ್ಲೊಂದು ಗುಟ್ಟಿದೆ. ಮೆಲ್ಲಗೆ ಕುಲುಕಿದರೆ ನುಸಿ ಬೀಳುವುದಿಲ್ಲ. ನಾವು ಮೆಲ್ಲಗೆ ಕುಲುಕುತ್ತಿದ್ದೆವು. "ಇದೇನು ತೊಟ್ಟಿಲಾ, ತೂಗೋಕೆ? ಕುಲುಕ್ರಪ್ಪಾ" ಅನ್ನುತ್ತಿದ್ದರು ಅಕ್ಕ. ನಾವು ನಗುತ್ತಿದ್ದೆವು. ನಕ್ಕು, ಮತ್ತೆ ತೂಗುತ್ತಿದ್ದೆವು. ತಟ್ಟೆಯೂ ಬೆಳ್ಳಗೆ, ಮನಸ್ಸಿಗೂ ನೆಮ್ಮದಿ.

ಅಕ್ಕ ಜೋರಾಗಿ ಕುಲುಕುತ್ತಿದ್ದರು. ಬಿದ್ದದ್ದನ್ನು ಎಣಿಸಿ ಪೆಟ್ಟಿಗೆಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು — ಬಂದವರಿಗೆಲ್ಲ ಕಾಣುವ ಹಾಗೆ. ಮೂರು. ಐದು. ಎರಡು. ನಮ್ಮ ಮುಚ್ಚಳಗಳ ಮೇಲೆ ಏನೂ ಇಲ್ಲ. ಪೆಟ್ಟಿಗೆ ಕೊಳ್ಳಲು ಬಂದವರು ಏನು ತಿಳಿಯಬೇಕು ಹೇಳಿ. ಅದು ನುಸಿ ಮನೆ, ಇದು ಚೊಕ್ಕ ಮನೆ. ನಾವು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಅವರ ಪೆಟ್ಟಿಗೆಗಳನ್ನು ಕೇಳುವವರೇ ಇಲ್ಲವಾದರು. ನಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ಪಕ್ಕದವರ ತಟ್ಟೆಯ ನೊಣ ತೋರಿಸಿಕೊಂಡು ಓಡಾಡಿದೆವು.

ಅಕ್ಕ ಹೋದ ಮೇಲೆ ಭಾವ ಸಂಘಕ್ಕೆ ಬಂದರು. ಅವರು ದರ್ಜಿ, ಒಂದು ನೊಣ ಕಚ್ಚಿದರೂ ಮುಖ ಊದುತ್ತದೆ. ಪೆಟ್ಟಿಗೆಗಳನ್ನು ಯಾರಾದರೂ ತಗೊಳ್ಳಿ ಅಂದರು. ನಾವೆಲ್ಲ ಏನಂದೆವು — "ನೋಡೋಣ ಭಾವ."

ಮೊನ್ನೆ ಅಕ್ಕನ ಪೆಟ್ಟಿಗೆಗಳಿರುವ ಅವರ ತಾರಸಿಗೆ ಹೋದೆ. ಹೆಸರಿಗೆ ಪರೀಕ್ಷೆ. ನಿಜ ಹೇಳಬೇಕೆಂದರೆ, ಬೇಡ ಅನ್ನುವುದಕ್ಕೆ ಒಂದು ನೆಪ ಬೇಕಿತ್ತು. ತೋಳು ನೋಯುವಷ್ಟು ಕುಲುಕಿದೆ. ಬಿದ್ದದ್ದು ಎರಡು. ಎರಡೇ ಎರಡು. ಪಕ್ಕದಲ್ಲಿ ನಿಂತಿದ್ದ ಮಗಳು ಕೇಳಿದಳು: "ಮಾಮ, ನಿಮ್ಮ ಪೆಟ್ಟಿಗೆ ನೊಣಾನೂ ಹೀಗೇ ಕುಲುಕ್ತೀರಾ?"

ಕೋಪದಲ್ಲಿ ಕೇಳಿದ್ದಲ್ಲ. ಅವಳು ಸುಮ್ಮನೆ ಕೇಳಿದಳು. ಮನೆಗೆ ಬಂದು ನನ್ನ ಪೆಟ್ಟಿಗೆ ತೆರೆದೆ. ಅದೇ ತೋಳು, ಅದೇ ಜೋರು. ತಟ್ಟೆ ನೋಡಿದರೆ — ಎಳ್ಳು ಚೆಲ್ಲಿದ ಹಾಗಿತ್ತು. ಎಣಿಸಲಿಲ್ಲ, ಕೈ ಬರಲಿಲ್ಲ. ಅಕ್ಕನ ಪೆಟ್ಟಿಗೆಗಳಿಗೆ ನುಸಿ ಯಾರ ನೊಣಗಳ ಮೈಯೇರಿ ಬರುತ್ತಿತ್ತು ಅಂತ ಆಗ ತಿಳಿಯಿತು. ಬೆಳೆಸಿದವರು ನಾವು, ಹೆಸರು ಕೆಟ್ಟದ್ದು ಅವರದು. ಭಾವ, ನನಗೆ ನಾಚಿಕೆಯಾಗುತ್ತಿದೆ. ನಿಮ್ಮ ಮುಖ ನೋಡಿ ಹೇಳಬೇಕಾದದ್ದನ್ನು ಈ ಮೇಜು ನೋಡಿಕೊಂಡು ಹೇಳುತ್ತಿದ್ದೇನೆ.

ತಾಯಿಯ ಪೆಟ್ಟಿಗೆಗಳನ್ನು ತಾನೇ ನೋಡಿಕೊಳ್ಳುತ್ತೇನೆ ಅಂತ ಮಗಳು ನಿನ್ನೆ ಹೇಳಿದಳು. ಅವಳದು ಒಂದೇ ಕೋರಿಕೆ — ಸುತ್ತಲಿನ ನಮ್ಮೆಲ್ಲರ ಪೆಟ್ಟಿಗೆಗಳ ನೊಣಗಳನ್ನೂ ಅವಳೇ ಕುಲುಕಿ ನೋಡಬೇಕು. ಇಲ್ಲದಿದ್ದರೆ ಅವಳ ನೊಣಗಳು ಉಳಿಯುವುದಿಲ್ಲ.

ಈಗ ಎಲ್ಲರೂ ಎದ್ದು ಅಕ್ಕನಿಗಾಗಿ ಒಂದು ನಿಮಿಷ ಮಾತಿಲ್ಲದೆ ನಿಲ್ಲೋಣ. ಅದು ಮುಗಿದ ಮೇಲೆ — ನನ್ನ ಪೆಟ್ಟಿಗೆ ಅವಳು ತೆರೆಯಲಿ, ಎಷ್ಟು ಬಿದ್ದರೂ ಮುಚ್ಚಳದ ಮೇಲೆ ಬರೆಯಲಿ ಅನ್ನುವವರು ನಿಂತೇ ಇರಿ. ಬೇಡ ಅನ್ನುವವರು ಕೂತುಕೊಳ್ಳಿ. ಯಾರು ಕೂತರು ಅಂತ ನಾನು ನೋಡುವುದಿಲ್ಲ, ನನಗೆ ಆ ಯೋಗ್ಯತೆ ಇಲ್ಲ. ಅವಳು ನೋಡುತ್ತಾಳೆ.

ದಯವಿಟ್ಟು ಎದ್ದೇಳಿ.