ತೊಟ್ಟಿಲ ಹೊತ್ತಿಗೇ ಹೋದ ನೆಟ್

ನರಿನ್ ಪೇಟೆಯ ಬಸ್ ನಿಲ್ದಾಣದಲ್ಲಿ ಹಿಟ್ಟಿನ ಚೀಲ ತಬ್ಬಿಕೊಂಡು ನಿಂತಿದ್ದ ಗುಲ್ಬಾರಾಗೆ ಕಿವಿ ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ. ಸಾಲಿನಲ್ಲಿ ಅವಳ ಮುಂದೆಯೇ ಸೈರಾಕನ್ ಮುದುಕಿ ತನ್ನ ನೆರೆಮನೆಯ ಹುಡುಗ ಎಲ್ಡಿಯಾರನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಕಣಿವೆ ದಾರಿ ಹಿಮಕ್ಕೆ ಮುಚ್ಚಿ ಬೀಗಿತ್ತಿ ಬರೋಕಾಗ್ಲಿಲ್ಲ. ಫೋನಲ್ಲಾದ್ರೂ ನೋಡ್ಲಿ ಅಂದ್ರೆ, ಮೊಮ್ಮಗೂನ ತೊಟ್ಟಿಲಿಗೆ ಹಾಕೋ ಹೊತ್ತಿಗೇ ನಿನ್ನ ನೆಟ್ ಹೋಯ್ತು! ಬೇಕಂತ್ಲೇ ಕತ್ತರಿಸಿದ್ವಿ ಅಂತ ಅವಳು ಮುನಿಸ್ಕೊಂಡು ಕೂತಿದ್ದಾಳೆ.”

“ಹಳೇ ಸರ್ವರ್ ಕಂಪ್ಯೂಟರನ್ನೇ ರೂಟರ್ ಮಾಡಿ ಇಡೀ ಕಟ್ಟಡಕ್ಕೆ ನೆಟ್ ಹಂಚಿದೋನು ನಾನು, ದೊಡ್ಡಮ್ಮ. ಅದು ತಾನಾಗೇ ಆಫಾಗಲ್ಲ.”

“ಮತ್ತೆ ನಿಮ್ಮಪ್ಪ ಬಂದು ಆಫ್ ಮಾಡಿದ್ನಾ?”

“ಅದಿರೋದು ಯಾರ ಉಗ್ರಾಣದಲ್ಲಿ?”

“ನಮ್ದರಲ್ಲೇ. ಜಾಗ ಕೊಟ್ಟಿದ್ದೇ ತಪ್ಪಾಯ್ತು!”

“ನಾನು ಓಡಿ ಬಂದಾಗ ಅದರ ಪ್ಲಗ್ ನೆಲದ ಮೇಲಿತ್ತು. ಆ ಜಾಗದಲ್ಲಿ ನಿಮ್ಮ ಚಹಾ ಕಾಯಿಸೋ ಸಮೋವರಿನ ಪ್ಲಗ್ ಕೂತಿತ್ತು.”



“ಮನೆ ತುಂಬ ನೆಂಟರು! ನಿನ್ನ ಡಬ್ಬಕ್ಕೋಸ್ಕರ ಅವರನ್ನ ಚಹಾ ಇಲ್ದೆ ಕೂರಿಸ್ಲಾ?”

“ಹಾಗಂತ ಬೀಗಿತ್ತಿಗೆ ಹೇಳಿ.”

“ನಾನ್ಯಾಕೆ ಹೇಳ್ಲಿ? ನೆಟ್ ನಿಂದು, ತಪ್ಪೂ ನಿಂದೇ!”

ಬಸ್ಸು ಬಂತು. ಮುದುಕಿ ಹತ್ತಿ, ಕಿಟಕಿ ಸರಿಸಿ, ಇಡೀ ಸಾಲಿಗೆ ಕೇಳುವಂತೆ ಕೂಗಿದಳು: “ಓಡಿ ಬಂದೋನು ನೀನೂ ಆ ಚಹಾನೇ ಮೂರು ಬಟ್ಟಲು ಕುಡಿದ್ಯಲ್ಲೋ!”