ತೊಳೆದ ಗಾಡಿ

ವೇಲ್ಸಿನ ನಮ್ಮೂರ ಗ್ಯಾರೇಜಿನಲ್ಲಿ ನನ್ನ ಪಕ್ಕ ಕುಳಿತಿದ್ದವರು ಕುರಿಸಾಕಣೆಯ ಇಡ್ವಲ್ ಮತ್ತು ಅವನ ಮಡದಿ ನೆಸ್ತಾ. ಅವರ ವೃದ್ಧ ಲ್ಯಾಂಡ್‌ರೋವರ್ ವಾಹನಗಳ ವಾರ್ಷಿಕ ಸುರಕ್ಷತಾ ಪರೀಕ್ಷೆಯಲ್ಲಿ ಆಗತಾನೆ ಅನುತ್ತೀರ್ಣವಾಗಿತ್ತು.

“ತೊಳೀಬೇಡ ಅಂದೆ. ಆ ಕೆಸರೇ ಇಷ್ಟು ವರ್ಷ ಗಾಡೀನ ಹಿಡಿದಿಟ್ಟಿತ್ತು ಕಣೇ.”

“ಶನಿವಾರ ಮಗಳು ಅದರಲ್ಲೇ ಮದುವೆಗೆ ಹೋಗ್ಬೇಕು. ಕುರಿಹಿಕ್ಕೆ ಮೇಲೆ ಕೂರಿಸ್ಲಾ?”

“ಮೈಯೆಲ್ಲ ಅಲ್ಯೂಮಿನಿಯಂ, ತುಕ್ಕೇ ಹಿಡಿಯಲ್ಲ.”

“ಮೈಗೆ ಹಿಡಿದಿಲ್ಲ ರೀ. ಕೆಳಗಿನ ಉಕ್ಕಿನ ಚಾಸಿ ತುಕ್ಕು ತಿಂದು ಬಿಸ್ಕತ್ತಾಗಿದೆ. ಬೆಸುಗೆಗೆ ಎರಡು ಸಾವಿರ ಪೌಂಡಂತೆ.”

“ನಮ್ಮ ಮದುವೆಗೂ ಇದರಲ್ಲೇ ಹೋಗಿದ್ವಿ.”

“ಆಗ ಗಾಡೀಲಿ ಕಾಲಿಡೋಕೆ ತಳ ಇತ್ತು.”

“ಬೆಸುಗೆ ಹಾಕಿಸೋಣ ಬಿಡು. ಮದುವೆ ಊಟದ ಖರ್ಚು ಇಳಿಸೋಣ. ನಿಮ್ಮಣ್ಣನ ಸಂಸಾರಕ್ಕೆ ಬರೀ ಟೀ ಸಾಕು.”

“ಅದನ್ನ ನೀವೇ ಅವನಿಗೆ ಹೇಳಿ. ಈ ಗ್ಯಾರೇಜಲ್ಲಿ ಬೆಸುಗೆ ಹಾಕೋನು ಅವನೇ ಅಲ್ವಾ?”

ಇಡ್ವಲ್ ಟೊಪ್ಪಿಯನ್ನು ತೆಗೆದು ಕೈಯಲ್ಲಿ ಹಿಡಿದು, ವಿನೀತ ಯಾಚಕನಂತೆ ಮಡದಿಯ ಹಿಂದೆ ಬೆಸುಗೆ ಕೋಣೆಯೊಳಗೆ ನಡೆದ.